ಡ್ರೈವರ್ ತಾತನ ಎಡಗಡೆ

ಅವಳಿಗೆ ಕೆದಕಮ್ಮ ಎಂದು ಹೆಸರಿಟ್ಟವಳು ಹೆತ್ತ ತಾಯಿಯೇ. ಬೇರೆ ಯಾರಾದರೂ ಇಟ್ಟಿದ್ದರೆ ಜಗಳ ಕಾಯಬಹುದಿತ್ತು. ತಾಯಿಯೇ ಇಟ್ಟ ಮೇಲೆ ಯಾರ ಹತ್ತಿರ ದೂರು ಹೇಳುವುದು? ಚಿಕ್ಕಂದಿನಲ್ಲಿ ಗೋಡೆ ಗಡಿಯಾರ ಬಿಚ್ಚಿದಳು, ರೇಡಿಯೊ ಬಿಚ್ಚಿದಳು, ಒಮ್ಮೆ ಚಿಕ್ಕಪ್ಪ ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟನ್ನು ನೀರಿನ ಲೋಟದಿಂದ ತೆಗೆದು ತನ್ನ ಬಾಯಿಗೇ ಹಾಕಿಕೊಂಡು ನೋಡಿದಳು. ಬೆನ್ನಿಗೆ ಬಿದ್ದ ಗುದ್ದನ್ನೂ ಲೆಕ್ಕಿಸದೆ ಅವಳು ಕೇಳಿದ್ದು, "ಅವರ ಬಾಯಲ್ಲಿ ನಿಲ್ಲೋದು ನನ್ನ ಬಾಯಲ್ಲಿ ಯಾಕೆ ನಿಲ್ಲಲ್ಲ?" ಎಂದು. ಅಂಥ ಮಗುವನ್ನು ಸಾಕುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ.

ಬೆಳೆದ ಮೇಲೆ ಈ ಬಿಚ್ಚುವ ಚಟಕ್ಕೆ ಸಂಬಳವೂ ಸಿಕ್ಕಿತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಕೂತರೆ ಅವಳಿಗೆ ಊಟದ ನೆನಪೂ ಆಗುತ್ತಿರಲಿಲ್ಲ. ಅಲ್ಲೇ ಇದ್ದುಬಿಡುತ್ತಿದ್ದಳೋ ಏನೋ. ಆದರೆ ತಾಯಿಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು, ಮಗಳು ಆಸ್ಪತ್ರೆಯಲ್ಲಿ ಜೊತೆಗೆ ಉಳಿದಳು, ಉಳಿದಷ್ಟು ದಿನವೂ ವಾರ್ಡಿನ ನರ್ಸಿನ ತಲೆ ತಿಂದಳು. ಈ ಟ್ಯೂಬು ಎಲ್ಲಿಗೆ ಹೋಗುತ್ತೆ, ಆ ಚೀಲಕ್ಕೆ ಇಳಿಯೋದು ಯಾಕೆ ಹಸಿರು, ಕಲ್ಲು ಅಂದರೆ ನಿಜವಾಗಲೂ ಕಲ್ಲಾ, ಕೊಟ್ಟರೆ ನೋಡಬಹುದಾ? ಕೊನೆಗೆ ಆ ನರ್ಸು, "ಇಷ್ಟೆಲ್ಲ ಕೇಳೋ ಬದ್ಲು ನೀನೇ ನರ್ಸಾಗ್ಬಿಡು ತಾಯಿ!" ಎಂದಳು. ಅವಳು ಬೇಸತ್ತು ಆಡಿದ ಮಾತನ್ನು ಇವಳು ವರ ಎಂದು ತಿಳಿದುಕೊಂಡಳು.

ನರ್ಸಿಂಗ್ ಶಾಲೆಯಲ್ಲಿ ಸೀಟೂ ಸಿಕ್ಕಿತು. ಆದರೆ ಅಲ್ಲಿ ಒಂದು ಷರತ್ತು: ರೋಗಿಗಳ ನಡುವೆ ಕೆಲಸ ಮಾಡಿ ಗೊತ್ತಿಲ್ಲದವರು ತರಗತಿ ಶುರುವಾಗುವುದರೊಳಗೆ ನರ್ಸಿಂಗ್ ಸಹಾಯಕಿಯ ತರಬೇತಿ ಪಾಸು ಮಾಡಿಕೊಂಡು ಬರಬೇಕು. ಇಲ್ಲದಿದ್ದರೆ ಸೀಟು ಸಾಲಿನಲ್ಲಿ ಹಿಂದೆ ನಿಂತವರಿಗೆ. ಪೇಟೆಯ ಹೊರಗಿನ ಆರೈಕೆ ಮನೆಯೊಂದರಲ್ಲಿ ಆ ತರಬೇತಿ ಇತ್ತು. ಬೆಳಿಗ್ಗೆ ಪಾಠ, ಮಧ್ಯಾಹ್ನ ಕೆಲಸ, ಎರಡಕ್ಕೂ ಸಂಬಳ. ಇದನ್ನು ಕೇಳಿ ತಾಯಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಕಲಿಯೋರು ದುಡ್ಡು ಕೊಡ್ಬೇಕು. ಕಲಿಸೋರೇ ಕೊಡ್ತಾರೆ ಅಂದ್ರೆ ಏನೋ ಮಸಲತ್ತಿದೆ. ಪುಕ್ಕಟೆ ಸಿಕ್ರೆ ನನಗೂ ಇರ್ಲಿ ನಮ್ಮಪ್ಪನಿಗೂ ಇರ್ಲಿ ಅಂತ ಹೋಗಿ ಸಿಕ್ಕಾಕ್ಕೋಬೇಡ."

ಕೆದಕಮ್ಮ ಸುಮ್ಮನಿರುವ ಪೈಕಿಯೇ? ಸೇರುವ ದಿನವೇ, ತರಬೇತಿ ಕೊಡುವ ದೊಡ್ಡ ಸಿಸ್ಟರನ್ನು ಕೇಳಿಬಿಟ್ಟಳು, ಸಂಬಳ ಯಾಕೆ ಕೊಡ್ತೀರಿ ಎಂದು. ಆಕೆ ಆರೈಕೆ ಮನೆಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ನರ್ಸು. ಕನ್ನಡಕದ ಮೇಲಿಂದ ಇವಳನ್ನು ನೋಡಿ, "ನಮಗೆ ಕೈ ಸಾಲ್ತಿಲ್ಲ. ಸಂಬಳ ಇಲ್ದಿದ್ರೆ ಹುಡುಗೀರು ಹೊಟ್ಟೆಪಾಡಿಗೆ ಅಂತ ಅರ್ಧಕ್ಕೇ ಬಿಟ್ಟು ಹೋಗ್ತಾರೆ. ಇನ್ನೇನಾದ್ರೂ ಅನುಮಾನ?" ಎಂದರು. ಇನ್ನೂ ಬೇಕಾದಷ್ಟಿತ್ತು. ವಾರ ಕಳೆಯುವುದರೊಳಗೆ ಸಿಸ್ಟರ್ ಸೋತು, "ದಿನಕ್ಕೆ ಒಂದೇ ಪ್ರಶ್ನೆ. ಆರಿಸ್ಕೊಂಡು ಕೇಳು" ಎಂದು ಕಾಯಿದೆ ಮಾಡಬೇಕಾಯಿತು.

ಪಾಠಗಳಂತೂ ಅವಳಿಗೆ ಹಬ್ಬವೇ. ಅಲ್ಲಿ ಕಲಿಯುವವರು ಮೊದಲು ಒಬ್ಬರ ಮೇಲೊಬ್ಬರು ಕಲಿಯಬೇಕು. ಒಬ್ಬಳು ಮಲಗಬೇಕು, ಇನ್ನೊಬ್ಬಳು ಅವಳಿಗೆ ಉಣ್ಣಿಸಬೇಕು, ಹಲ್ಲುಜ್ಜಬೇಕು, ಮಗ್ಗುಲು ಬದಲಾಯಿಸಬೇಕು. ಕೆದಕಮ್ಮನಿಗೆ ಜೊತೆಯಾಗಿ ಸಿಕ್ಕವಳು ಬ್ಯೂಟಿ ಪಾರ್ಲರಿನ ಕೆಲಸ ಬಿಟ್ಟು ಬಂದವಳು, ಬಾಯಿ ಸ್ವಲ್ಪ ಜೋರು, ಕೈ ಮಾತ್ರ ಬೆಣ್ಣೆ. ಬೇರೆಯವರ ಬಾಯಿಗೆ ಚಮಚ ಇಡುವಾಗ ನಮ್ಮ ಬಾಯಿ ತಾನಾಗಿ ಯಾಕೆ ತೆರೆದುಕೊಳ್ಳುತ್ತೆ? ಎದ್ದು ನಿಲ್ಲುವವರನ್ನು ಕಂಕುಳಿಗೆ ಕೈ ಹಾಕಿ ಎತ್ತಬಾರದು, ಸೊಂಟಕ್ಕೆ ಕಟ್ಟಿದ ಪಟ್ಟಿ ಹಿಡಿದೇ ಎಬ್ಬಿಸಬೇಕು, ಯಾಕೆ? ಮನುಷ್ಯನನ್ನು ಎಬ್ಬಿಸದೆಯೇ ಅವನ ಕೆಳಗಿನ ಚಾದರ ಬದಲಾಯಿಸುವ ವಿದ್ಯೆ ಕಲಿತ ಮರುದಿನ ಬೆಳಗಿನ ಜಾವ ಅದನ್ನು ಮನೆಯಲ್ಲಿ ತಾಯಿಯ ಮೇಲೆ ಪ್ರಯೋಗಿಸಿದಳು. ನಿದ್ದೆಗಣ್ಣಿನಲ್ಲಿ ಯಾರೋ ತನ್ನನ್ನು ಪಕ್ಕಕ್ಕೆ ಉರುಳಿಸುತ್ತಿದ್ದಾರೆ ಎಂದು ತಾಯಿ ಕೂಗಿದ ಕೂಗಿಗೆ ಅಕ್ಕಪಕ್ಕದವರೆಲ್ಲ ಬಾಗಿಲು ತೆರೆದು ನೋಡಿದರು.

ಕೆಲಸಕ್ಕೆ ಹಚ್ಚಿದಾಗ ಅವಳ ಪಾಲಿಗೆ ಬಂದವರು ಡ್ರೈವರ್ ತಾತ. ಪೇಟೆಯ ಬಸ್ಸನ್ನು ಜೀವಮಾನವೆಲ್ಲ ಓಡಿಸಿದವರು. ನಿವೃತ್ತಿಯಾದ ಮೇಲೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಮಾತಿಗೆ ಮಾತ್ರ ಬರವಿರಲಿಲ್ಲ. ಮೊದಲ ದಿನವೇ ಕೆದಕಮ್ಮ ಒಂದು ವಿಚಿತ್ರ ಗಮನಿಸಿದಳು. ತಾತ ತಟ್ಟೆಯ ಬಲ ಅರ್ಧದ ಅನ್ನ, ತರಕಾರಿ, ಮೊಟ್ಟೆ ಎಲ್ಲವನ್ನೂ ಗೆರೆ ಎಳೆದ ಹಾಗೆ ತಿಂದು, ಎಡ ಅರ್ಧವನ್ನು ಮುಟ್ಟದೆ, "ಇವತ್ತೂ ಕಮ್ಮಿ ಹಾಕಿದಾರೆ. ಅಡುಗೆಯವನಿಗೆ ಕೈ ಬರಲ್ಲ" ಎಂದು ಗೊಣಗಿದರು.

ಅವತ್ತಿನ ಪ್ರಶ್ನೆ ಅದೇ ಆಯಿತು. ದೊಡ್ಡ ಸಿಸ್ಟರ್ ಹೇಳಿದರು: "ಕಣ್ಣು ಚೆನ್ನಾಗೇ ಇದೆ. ಮಿದುಳು ಎಡಗಡೆ ಅನ್ನೋದನ್ನೇ ಮರ್ತುಬಿಟ್ಟಿದೆ. ತಟ್ಟೆ ತಿರುಗಿಸಿಡು, ಉಳಿದದ್ದನ್ನೂ ತಿಂತಾರೆ." ತಟ್ಟೆ ತಿರುಗಿಸಿದಳು. "ಓ, ಈಗ ಹಾಕಿದ್ಯಾ?" ಎಂದು ತಾತ ಮಿಕ್ಕದ್ದನ್ನೂ ತಿಂದು ಮುಗಿಸಿದರು. ಕೆದಕಮ್ಮನಿಗೆ ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ. ಎಷ್ಟೋ ಮೊಬೈಲು ಬಿಚ್ಚಿದ್ದಳು, ಇಂಥದ್ದು ಯಾವುದರೊಳಗೂ ಕಂಡಿರಲಿಲ್ಲ.

ಅಲ್ಲಿಂದ ಅವಳು ತಾತನ ಬೆನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ನೀರು ಕುಡಿಸುತ್ತಾ, ಅವರ ಹಳೆಯ ದಾರಿ ಕೇಳಿದಳು. ಬಸ್ ನಿಲ್ದಾಣದಿಂದ ಗಾಜಿನ ಕಾರ್ಖಾನೆಯವರೆಗೆ. ಅದು ಅವಳೂ ದಿನಾ ಓಡಾಡುವ ರಸ್ತೆ. ತಾತನಿಗೆ ಅಷ್ಟೇ ಸಾಕಿತ್ತು. ಕಣ್ಣು ಮುಚ್ಚಿ, "ಸ್ಟ್ಯಾಂಡ್ ಬಿಟ್ಟ ತಕ್ಷಣ ಅಂಚೆ ಕಚೇರಿ. ಆಮೇಲೆ ಕ್ಷೌರದಂಗಡಿ, ಅಗ್ನಿಶಾಮಕದವರ ಠಾಣೆ, ಮರದ ಡಿಪೊ, ಫ್ಯಾಕ್ಟರಿ ಗೇಟು" ಎಂದು ಸಲೀಸಾಗಿ ಹೇಳಿಕೊಂಡು ಹೋದರು.

ಎಲ್ಲ ಸರಿ. ಆದರೆ ಎಲ್ಲವೂ ಬಲಗಡೆಯವೇ.

"ತಾತ, ಶಾಲೆ ಬಿಟ್ರಲ್ಲ?"

"ಯಾವ ಶಾಲೆ? ಆ ರಸ್ತೇಲಿ ಶಾಲೆ ಎಲ್ಲಿದ್ಯಮ್ಮ?"

ಕೆದಕಮ್ಮ ನೀರಿನ ಲೋಟ ಕೆಳಗಿಟ್ಟಳು. "ಸರಿ, ಈಗ ಫ್ಯಾಕ್ಟರಿಯಿಂದ ವಾಪಸ್ ಬನ್ನಿ ನೋಡೋಣ."

"ವಾಪಸ್ ಬರ್ತಾ ಕಣ್ಣಿನ ಆಸ್ಪತ್ರೆ, ಪೆಟ್ರೋಲ್ ಬಂಕು, ಚಪ್ಪಲಿ ಅಂಗಡಿ, ಆಮೇಲೆ ಶಾಲೆ. ಅಲ್ಲಿ ಮಾತ್ರ ನಿಧಾನ ಮಾಡ್ಬೇಕು. ಅದು ದಾಟಿದ್ರೆ ಸ್ಟ್ಯಾಂಡು." ಈಗ ಶಾಲೆ ಬಂತು, ಅಂಚೆ ಕಚೇರಿ ಮಾಯ! ಬಸ್ಸು ತಿರುಗಿದ ಹಾಗೆ ತಾತನೊಳಗಿನ ಊರೂ ಮಗ್ಗುಲು ಬದಲಾಯಿಸುತ್ತಿತ್ತು. ಎದುರಿಗಿನ ತಟ್ಟೆಯಷ್ಟೇ ಅಲ್ಲ, ನೆನಪಿನ ರಸ್ತೆಗೂ ಎಡಗಡೆ ಇರಲಿಲ್ಲ.

ಇಂಥದ್ದನ್ನು ಕಂಡವರು ಹೊಟ್ಟೆಯಲ್ಲಿಟ್ಟುಕೊಂಡು ಇರಬೇಕು. ಕೆದಕಮ್ಮನ ಹೊಟ್ಟೆಯಲ್ಲಿ ಯಾವತ್ತು ಯಾವುದು ನಿಂತಿತ್ತು? ಮಾರನೆಯ ದಿನ ಚಹಾದ ಬಿಡುವಿನಲ್ಲಿ ಜೊತೆಯ ಹುಡುಗಿಯರನ್ನು ಕರೆತಂದು ತಾತನ ಮಂಚದ ಕಾಲ ಬಳಿ ನಿಲ್ಲಿಸಿ, "ತಾತ, ಇನ್ನೊಂದ್ಸಲ ಹೇಳಿ" ಎಂದಳು. ತಾತ ಖುಷಿಯಿಂದ ಹೇಳಿದರು. "ಈಗ ವಾಪಸ್." ಅದನ್ನೂ ಹೇಳಿದರು. ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡರು. ಪಾರ್ಲರಿನವಳಿಗೆ ತಡೆಯಲಾಗಲಿಲ್ಲ.

"ಅಯ್ಯೋ, ಅರ್ಧ ಊರೇ ಮಾಯ ಆಯ್ತಲ್ಲೇ!"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಜಾದೂ ನೋಡಿದವರ ನಗು. ಆದರೆ ನಗುವಿಗೆ ಗುರಿಯಾದವರಿಗೆ ಆ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕು?

"ಏನು ಮಾಯ ಆಯ್ತು?" ಎಂದರು ತಾತ. "ನಾನೇನು ಬಿಟ್ಟೆ? ಹೇಳ್ರಮ್ಮ."

ಸುಳ್ಳು ಹೇಳಲು ಬಾರದ ಕೆದಕಮ್ಮ ಹೇಳಿಬಿಟ್ಟಳು. ಹೋಗುವಾಗ ಶಾಲೆ ಬಿಡುತ್ತೀರಿ, ಬರುವಾಗ ಅಂಚೆ ಕಚೇರಿ ಬಿಡುತ್ತೀರಿ, ಯಾವ ಕಡೆ ಹೊರಟರೂ ಎಡಗಡೆ ಇರುವುದು ನಿಮಗೆ ಬರುವುದಿಲ್ಲ ಎಂದು. ಡಾಕ್ಟರು ಮೊದಲೇ ಏನೋ ಹೇಳಿದ್ದರಂತೆ. ತಾತ ಅದು ಕೈಕಾಲಿನ ಮಾತು ಎಂದುಕೊಂಡಿದ್ದರು. ಈಗ ಅವರ ಮುಖದಿಂದ ಬಣ್ಣ ಇಳಿಯಿತು. ಬಲಗೈ ಹೊದಿಕೆಯ ಮೇಲೆ ಇಲ್ಲದ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಶಾಲೆ ಮುಂದೆ ಮಕ್ಕಳು ರಸ್ತೆ ದಾಟ್ತಾವೆ" ಎಂದರು ಅವರು, ಯಾರಿಗೂ ಅಲ್ಲ. ಆಮೇಲೆ, "ಎಲ್ಲ ಹೋಗಿ" ಎಂದರು.

ಅಂದಿನಿಂದ ತಾತ ಕೆದಕಮ್ಮನ ಜೊತೆ ಮಾತು ಬಿಟ್ಟರು. ಅವಳು ತಟ್ಟೆ ತಿರುಗಿಸಿಟ್ಟರೆ ದೂಡುತ್ತಿದ್ದರು. ಬೇರೆಯವರು ಬಂದರೆ ಎರಡು ತುತ್ತು ತಿನ್ನುತ್ತಿದ್ದರು. ದೊಡ್ಡ ಸಿಸ್ಟರಿಗೆ ವಿಷಯ ತಿಳಿಯಿತು. ಬೈದಿದ್ದರೆ ಚೆನ್ನಾಗಿರುತ್ತಿತ್ತು, ಅವರು ಬೈಯಲಿಲ್ಲ.

"ಅಂಗಡೀಲಿ ನಾಲ್ಕು ಜನರ ಮುಂದೆ ಮೊಬೈಲ್ ಬಿಚ್ಚಿದ್ರೆ ಮೊಬೈಲಿಗೆ ನಾಚಿಕೆ ಆಗಲ್ಲ. ಇಲ್ಲಿ ಆಗುತ್ತೆ" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು.

ಪರೀಕ್ಷೆ ಹತ್ತಿರ ಬಂತು. ಆ ಆರೈಕೆ ಮನೆಯ ಪರೀಕ್ಷೆಗೆ ಒಂದು ಪದ್ಧತಿ ಇತ್ತು, ಬೇರೆ ಕಡೆ ಇದೆಯೋ ಇಲ್ಲವೋ. ಪರೀಕ್ಷೆ ಗೊಂಬೆಯ ಮೇಲಲ್ಲ, ಅಲ್ಲಿ ವಾಸವಿದ್ದವರ ಮೇಲೆ. ಕಲಿಯುವವಳು ತಾನು ನೋಡಿಕೊಂಡವರ ಮುಂದೆ ನಿಂತು, ಇಂಥ ಕೆಲಸ ಮಾಡಲೇ ಎಂದು ಕೇಳಬೇಕು. ಅವರು ಹೂಂ ಎಂದರೆ ಪರೀಕ್ಷೆ ಶುರು. ಊಹೂಂ ಎಂದರೆ ಅಲ್ಲಿಗೆ ಮುಗಿಯಿತು, ಮುಂದಿನ ತಂಡದ ಜೊತೆ ಮತ್ತೆ ಮೊದಲಿನಿಂದ ಬರಬೇಕು. ಮುಂದಿನ ತಂಡ ಮುಗಿಯುವ ಹೊತ್ತಿಗೆ ನರ್ಸಿಂಗ್ ಶಾಲೆಯ ಬಾಗಿಲು ಹಾಕಿರುತ್ತದೆ.

"ಸಿಸ್ಟರ್, ನಂಗೆ ಬೇರೆ ಯಾರನ್ನಾದ್ರೂ ಕೊಡಿ" ಎಂದು ಕೇಳಿದಳು ಕೆದಕಮ್ಮ.

"ಕೆಡಿಸಿದ ಕೈಯೇ ಸರಿ ಮಾಡ್ಬೇಕು" ಎಂದರು ಸಿಸ್ಟರ್. ಅಲ್ಲಿಗೆ ಆ ದಿನದ ಪ್ರಶ್ನೆ ಮುಗಿದಿತ್ತು.

ಮನೆಗೆ ಬಂದು ತಾಯಿಯ ಮುಂದೆ ಅತ್ತಳು. ತಾಯಿ ಎಲ್ಲ ಕೇಳಿಸಿಕೊಂಡಳು. ಸಮಾಧಾನದ ಮಾತಾಡುತ್ತಾಳೆ ಎಂದುಕೊಂಡರೆ, ಆಕೆ ಬೇರೆಯದೇ ತೆಗೆದಳು.

"ನನ್ನ ಹೊಟ್ಟೆಯಿಂದ ತೆಗೆದ ಕಲ್ಲನ್ನ ಡಬ್ಬೀಲಿ ಹಾಕ್ಕೊಂಡು ಬಂದು ಪಕ್ಕದ ಮನೆಯೋರಿಗೆಲ್ಲ ತೋರಿಸ್ದೆ, ನೆನಪಿದ್ಯಾ?"

"ಹೂಂ. ಎಲ್ಲರೂ ಎಷ್ಟು ಆಶ್ಚರ್ಯಪಟ್ರು!"

"ನಾನು ಒಳಗೆ ಮಲಗಿದ್ದೆ. ನಂಗೆ ಮಾತ್ರ ತೋರಿಸ್ಲಿಲ್ಲ." ತಾಯಿ ಅವಳ ಮೂಗು ಒರೆಸಿದಳು. "ನಂಗೂ ಬೇಜಾರಾಗಿತ್ತು ಕಣೇ. ಮಗಳಲ್ವಾ ಅಂತ ನುಂಗ್ಕೊಂಡೆ. ಆ ತಾತ ಯಾಕೆ ನುಂಗ್ಕೋಬೇಕು? ಹೋಗಿ ತಪ್ಪಾಯ್ತು ಅನ್ನು. ಅದಕ್ಕೂ ಸ್ಕ್ರೂಡ್ರೈವರ್ ಬೇಕಾ?"

ಕೆದಕಮ್ಮನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಷ್ಟು ವರ್ಷ ಎಲ್ಲದರ ಒಳಗನ್ನೂ ನೋಡಿದ್ದಾಗಿತ್ತು, ಒಳಗೆ ಮಲಗಿದ್ದ ತಾಯಿಯನ್ನು ನೋಡಿರಲಿಲ್ಲ.

ಮಾರನೆಯ ದಿನ ತಾತನ ಮಂಚದ ಬಲಗಡೆ ಸ್ಟೂಲು ಎಳೆದುಕೊಂಡು ಕೂತಳು. "ತಾತ, ನನ್ನಿಂದ ತಪ್ಪಾಯ್ತು. ನಿಮ್ಮನ್ನ ಆಟದ ಸಾಮಾನು ಮಾಡ್ಕೊಂಡೆ" ಎಂದಳು. ತಾತ ಸೂರಿನ ಕಡೆ ನೋಡುತ್ತಾ ಇದ್ದರು. ಎದ್ದು ಹೋಗಬೇಕೋ, ಕೂರಬೇಕೋ ತಿಳಿಯದೆ ಅವಳು ಕೂತೇ ಇದ್ದಳು.

ತಾತ ಸೂರಿನಿಂದ ಕಣ್ಣು ತೆಗೆಯದೆ ಕೇಳಿದರು. "ನಾನು ಬಸ್ಸಲ್ಲಿ ಒಂದು ನಾಯಿಗೂ ತಾಗಿಸ್ದೋನಲ್ಲ. ಗೊತ್ತಾ?"

"ಗೊತ್ತು ತಾತ."

"ಅವತ್ತಿನಿಂದ ಅದೇ ಯೋಚನೆ. ಒಂದು ಕಡೆ ಇಲ್ಲ ಅಂತೀಯ. ಇಲ್ಲ ಅನ್ನೋದು ನಂಗೆ ಹೇಗೆ ಗೊತ್ತಾಗ್ಬೇಕು? ಕತ್ತಲೆ ಆಗಿದ್ರೆ ಕತ್ತಲೆ ಅನ್ಬಹುದು. ಕತ್ತಲೇನೂ ಇಲ್ಲ. ಏನೂ ಕಮ್ಮಿ ಆದ ಹಾಗೇ ಇಲ್ಲ. ಇದೆಂಥಾ ಸೋಜಿಗ!"

ಕೆದಕಮ್ಮ ಬೆಚ್ಚಿದಳು. ಈ ಮನುಷ್ಯ ಇಷ್ಟು ದಿನ ಮುನಿಸಿನಲ್ಲಿ ಮಾತ್ರ ಮಲಗಿರಲಿಲ್ಲ. ಅವಳ ನಿದ್ದೆ ಕೆಡಿಸಿದ ಪ್ರಶ್ನೆಯೇ ಅವರ ನಿದ್ದೆಯನ್ನೂ ಕೆಡಿಸಿತ್ತು.

"ನೀನು ಕೆದಕಿದ್ದಕ್ಕೆ ನಂಗೆ ಸಿಟ್ಟಿಲ್ಲ" ಎಂದರು ತಾತ. "ಇದು ನನ್ನ ತಲೆ ಕಣಮ್ಮ. ಊರಿಗೆಲ್ಲ ತೋರಿಸಿ ನಂಗೊಬ್ಬನಿಗೇ ತೋರಿಸ್ಲಿಲ್ವಲ್ಲ, ಅದಕ್ಕೆ ಸಿಟ್ಟು."

"ನಾಡಿದ್ದು ಪರೀಕ್ಷೆ ತಾತ. ನೀವು ಹೂಂ ಅಂದ್ರೆ..."

"ನೋಡೋಣ" ಎಂದು ಅವರು ಕಣ್ಣು ಮುಚ್ಚಿದರು. ನಮ್ಮ ಜನರಲ್ಲಿ ನೋಡೋಣ ಎಂದರೆ ಮುಕ್ಕಾಲು ಪಾಲು ಇಲ್ಲ ಎಂದೇ.

ಪರೀಕ್ಷೆಯ ದಿನ ದೊಡ್ಡ ಸಿಸ್ಟರ್ ಚೀಟಿ ಎತ್ತಿದರು. ಕೆದಕಮ್ಮನಿಗೆ ಬಂದ ಕೆಲಸ ಮುಖಕ್ಷೌರ. ಅವಳ ಮುಖ ಬಾಡಿತು, ಯಾಕೆಂದರೆ ಇಡೀ ಆರೈಕೆ ಮನೆಯಲ್ಲಿ ಡ್ರೈವರ್ ತಾತ ಬೇರೆಯವರ ಕೈಗೆ ಕೊಡದೆ ಇದ್ದ ಕೆಲಸ ಅದೊಂದೇ. ಬ್ಯಾಟರಿ ಹಾಕಿದ ಶೇವಿಂಗ್ ಮೆಷಿನ್ ಹಿಡಿದು ತಾವೇ ಬಲಗೆನ್ನೆಯನ್ನು ನುಣ್ಣಗೆ ಮಾಡಿಕೊಳ್ಳುತ್ತಿದ್ದರು, ಆಯ್ತು ಎಂದು ಕೆಳಗಿಡುತ್ತಿದ್ದರು. ಎಡಗೆನ್ನೆಯ ಮಾತೆತ್ತಿದರೆ, ಆಗಿದೆಯಲ್ಲ ಎಂದು ರೇಗುತ್ತಿದ್ದರು. ಅವರು ಮಧ್ಯಾಹ್ನ ಗಾಢವಾಗಿ ನಿದ್ದೆ ಹೋದಾಗ ಯಾರೋ ಒಬ್ಬರು ಕಳ್ಳರ ಹಾಗೆ ಹೋಗಿ ಆ ಕಡೆ ಮುಗಿಸಿ ಬರುತ್ತಿದ್ದರು.

ಕೆದಕಮ್ಮ ಕೈ ತೊಳೆದಳು. ಮಂಚದ ಗಾಲಿ ಬಿಗಿ ಮಾಡಿದಳು. ತಾತನನ್ನು ದಿಂಬಿಗೆ ಒರಗಿಸಿ ಕೂರಿಸಿ, ಎದುರಿಗೆ ನಿಂತು ಕೇಳಿದಳು.

"ತಾತ, ನಿಮಗೆ ಶೇವ್ ಮಾಡ್ಲಾ?"

ಬಾಗಿಲಲ್ಲಿ ಪಾರ್ಲರಿನವಳು ಉಗುರು ಕಚ್ಚುತ್ತಾ ನಿಂತಿದ್ದಳು. ದೊಡ್ಡ ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿದರು, ಅವಳ ಪರವಾಗಿ ಒಂದು ನೋಟವೂ ಅವರಿಂದ ತಾತನಿಗೆ ಹೋಗಬಾರದಲ್ಲ. ಕೆದಕಮ್ಮನ ಕಣ್ಣ ಮುಂದೆ ಮೊಬೈಲ್ ಅಂಗಡಿಯ ಸ್ಟೂಲು ಬಂದು ಹೋಯಿತು.

"ಒಂದು ಕರಾರು" ಎಂದರು ತಾತ.

"ಹೇಳಿ ತಾತ."

"ಮಾಡೋದಾದ್ರೆ ಈ ಸಲ ನಂಗೂ ತೋರಿಸ್ಬೇಕು."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಮೆಷಿನ್ ತೆಗೆದು ತಾತನ ಬಲಗೈಗೇ ಕೊಟ್ಟಳು. ಅವರು ಬಲಗೆನ್ನೆ ಮುಗಿಸುವವರೆಗೆ ಸುಮ್ಮನೆ ನಿಂತಿದ್ದಳು. ಆಯ್ತು ಎಂದು ಅವರು ಮೆಷಿನ್ ಇಳಿಸುವಷ್ಟರಲ್ಲಿ ಅವರ ಮಣಿಕಟ್ಟನ್ನು ಮೆಲ್ಲಗೆ ಹಿಡಿದಳು.

"ಇನ್ನೂ ಮುಂದಕ್ಕೆ ಹೋಗೋಣ ತಾತ. ಇದು ಗದ್ದ. ಗೊತ್ತಾಯ್ತಾ? ಇದನ್ನ ದಾಟ್ತಾ ಇದೀವಿ. ನಿಧಾನ."

ತಾತನ ಕೈ ಗದ್ದದ ಹತ್ತಿರ ಬಂದು ತಡೆಯಿತು. ಎಳೆಯಲಿಲ್ಲ ಅವಳು, ಕಾದಳು. ಕೈ ಹೊರಟ ಮೇಲೆ ತಾನೂ ಹೊರಟಳು. ಮೆಷಿನ್ನಿನ ಸದ್ದು ಬದಲಾಯಿತು. ಒರಟು ಕೂದಲಿಗೆ ಸಿಕ್ಕಿ ಕರಕರ ಎಂದಿತು. ತಾತ ಬೆಚ್ಚಿದರು. ಮೆಷಿನ್ ಅವಳ ಕೈಗೆ ಬಿಟ್ಟು, ಬರಿ ಬೆರಳುಗಳನ್ನು ಆ ಕೆನ್ನೆಯ ಮೇಲೆ ಆಡಿಸಿದರು. ಮುಳ್ಳುಮುಳ್ಳು ಗಡ್ಡ, ಕಿವಿಯ ಬುಡ, ಸ್ವಲ್ಪ ಜೋತ ತುಟಿಯ ಮೂಲೆ.

"ಇದ್ಯಾರದು?"

"ನಿಮ್ದೇ ತಾತ."

"ಇಲ್ಲೂ ಇದೀನಾ ನಾನು?"

ಕೆದಕಮ್ಮ ತಲೆಯಾಡಿಸಿದಳು. ತಾತ ಮತ್ತೆ ಮತ್ತೆ ಕೆನ್ನೆ ಮುಟ್ಟಿ ನೋಡಿಕೊಂಡರು, ಒಮ್ಮೆ ಚಿವುಟಿಕೊಂಡರು, ನೋವಾಯಿತೆಂದು ನಕ್ಕರು. ನಗುತ್ತಿದ್ದ ಹಾಗೇ ಕಣ್ಣು ತುಂಬಿ ಬಂತು. ಅವಳು ಒರೆಸಲು ಹೋಗಲಿಲ್ಲ. ಅವರೇ ಒರೆಸಿಕೊಂಡು, ಮೆಷಿನ್ನಿಗೆ ಕೈ ಚಾಚಿದರು.

ಕಾರಿಡಾರಿನಲ್ಲಿ ಊಟದ ಗಾಡಿಯ ಸದ್ದಾಯಿತು. ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜುತ್ತಾ, "ಸಾಕಮ್ಮ, ನೀನು ಪಾಸು. ಮಿಕ್ಕಿದ್ದನ್ನ ಆಮೇಲೆ ನೋಡ್ಕೊಳ್ಳೋಣ, ಮೆಷಿನ್ ಆಫ್ ಮಾಡು" ಎಂದರು.

"ಹೇಗೆ ಸಾಕಾಗುತ್ತೆ ಸಿಸ್ಟರ್?" ಎಂದರು ಡ್ರೈವರ್ ತಾತ, ಮೆಷಿನ್ ಬಿಡದೆ. "ಈ ಕಡೆ ಇನ್ನೂ ಅರ್ಧ ಮುಖ ಬಾಕಿ ಇದೆ."